ಟ್ರ್ಯಾಕ್ಟರಿಗೆ ಹಚ್ಚಿಸಿದ ಮೆಟ್ಟಿಲು

ರೀ,

ಅಂಗಳದಲ್ಲಿ ಟ್ರ್ಯಾಕ್ಟರ್ ಇಲ್ಲವೆಂದು ಗಾಬರಿಯಾಗಬೇಡಿ. ಹಿತ್ತಲಾಚೆಯ ಹೊಲಕ್ಕೆ ರೋಟರಿ ಹೊಡೆದು ಮಣ್ಣು ಸಡಿಲ ಮಾಡಲು ನಾನೇ ಒಯ್ದಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿದೆ. ತಿಂದ ಮೇಲೆ ಮಂಡಿನೋವಿನ ಮಾತ್ರೆ ತೆಗೆದುಕೊಳ್ಳಿ.

ಹೋದ ವಾರ ವೆಲ್ಡಿಂಗ್ ಅಂಗಡಿಯಲ್ಲಿ ನಾನು ಟ್ರ್ಯಾಕ್ಟರಿಗೆ ಹಚ್ಚಿಸಿದ ಮೆಟ್ಟಿಲು, ಹಿಡಿಕೆ ನಿಮಗೆಂದು ತಿಳಿದು ಮುನಿಸಿಕೊಂಡಿರಿ. "ನಾನೇನು ಮುದುಕ ಆಗೀನೇನೇ?" ಅಂದಿರಿ. ಅಳತೆ ಕೊಟ್ಟದ್ದು ನನ್ನ ಕಾಲಿನದು.

ಓಡಿಸುವುದನ್ನು ನೀವೇ ಎಂದೋ ಕಲಿಸಿದ್ದಿರಿ. ಸೀರೆಯುಟ್ಟು ಹತ್ತುವುದೊಂದೇ ಬರುತ್ತಿರಲಿಲ್ಲ. ನೀವು ಮಲಗಿದ ಮಧ್ಯಾಹ್ನಗಳಲ್ಲಿ ಹತ್ತಿ ಇಳಿದು ಕಲಿತೆ. ಪ್ರತಿಸಲ ಬಲಗಾಲನ್ನೇ ಮೊದಲಿಟ್ಟು, ಮೇಲೆ ಹೋಗುವಷ್ಟರಲ್ಲಿ ಹಿಂದುಮುಂದಾಗಿ ನಿಲ್ಲುತ್ತಿದ್ದೆ. ನಮ್ಮ ಸಂಗೀತ ನಕ್ಕೂ ನಕ್ಕೂ, "ಅವ್ವಾ, ನೀನೇನು ಹೊಸ್ತಿಲು ದಾಟೋ ಮದುಮಗಳೇನು? ಎಡಗಾಲು ಇಡು" ಅಂದಳು.

ಇಟ್ಟೆ. ಮುಂದಕ್ಕೆ ಮುಖ ಮಾಡಿ ಕೂತೆ. ಇಪ್ಪತ್ತೆರಡು ವರ್ಷ ಬಗ್ಗಿ ಕಳೆ ಕಿತ್ತ ಹೊಲ ಅಷ್ಟು ಅಗಲವಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅದರಾಚೆ ಕೆರೆ, ಕೆರೆಯ ಮೇಲೆ ಬಿಳಿ ಹಕ್ಕಿಗಳು. ಯಾರದೋ ಕನಸಿನೊಳಗೆ ಹೋಗಿ ಕೂತ ಹಾಗಿತ್ತು. ಎಂಜಿನ್ ಹಚ್ಚುವುದನ್ನೂ ಮರೆತು ಬಹಳ ಹೊತ್ತು ಹಾಗೇ ಇದ್ದೆ.

ಮಂಡಿ ವಾಸಿಯಾದ ಮೇಲೆ ನೀವೂ ಆ ಮೆಟ್ಟಿಲಿನಲ್ಲೇ ಹತ್ತಿ. ಮೇಲಿಂದ ಧುಮುಕುವುದು ಸಾಕು. ಇಳಿಯುವಾಗ ಅಟ್ಟದ ಏಣಿ ಇಳಿದ ಹಾಗೆ, ಟ್ರ್ಯಾಕ್ಟರಿಗೆ ಮುಖ ಮಾಡಿ ಇಳಿಯಿರಿ.

ಕೋಪ ಬಂದರೆ ಬರಲಿ. ಆದರೆ ನಾನು ತಿರುಗಿ ಬಂದಾಗ ನಾಲ್ಕು ಜನರೆದುರು "ಇಳಿ" ಎಂದು ಮಾತ್ರ ಅನ್ನಬೇಡಿ. ನೀವು ಅಂದರೆ ಇಳಿದುಬಿಡುತ್ತೇನೆ. ಮತ್ತೆ ಹತ್ತುವ ಧೈರ್ಯ ನನಗೆ ಬರಲಾರದು.