ಅಟೆಂಡರ್ ಸ್ವಲ್ಪ ಹೊರಗಿರಿ

ಮಧುಗಿರಿ,
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ಪಾವಗಡದಲ್ಲಿ ನೀನು, ನಿನ್ನ ಮಗ ಪ್ರಭುದೇವ, ಸೊಸೆ ಲೋಹಿತಾ, ಲೋಹಿತಾಳ ಹೊಸ ಮಿಕ್ಸಿ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಬಿಪಿ ಹೇಗಿದೆ? ಬೆಳಗಿನ ಮಾತ್ರೆಯನ್ನು ತಿಂಡಿಯಾದ ಮೇಲೆ ತೆಗೆದುಕೊಳ್ಳುತ್ತಿದ್ದೀಯೋ, ಅಥವಾ ನಾನು ಹಾಗೆ ಹೇಳಿದ್ದೆ ಎನ್ನುವ ಒಂದೇ ಕಾರಣಕ್ಕೆ ತಿಂಡಿಗೆ ಮುಂಚೆ ನುಂಗುತ್ತಿದ್ದೀಯೋ? ಪಾದದ ಊತ ಇಳಿಯಿತೇ? ಹೆಬ್ಬೆರಳಿನಿಂದ ಒತ್ತಿ ನೋಡು. ಗುಳಿ ಬಿದ್ದು ಹಾಗೇ ನಿಂತರೆ ಉಪ್ಪಿನಕಾಯಿ ಭರಣಿಗೆ ಕೈಮುಗಿದು ಬೀಳ್ಕೊಡು. ಇದನ್ನು ಮಗಳ ಮಾತೆಂದು ತಿಳಿಯಬೇಡ, ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತು ಎಂದುಕೋ. ಗೋಡೆಯ ಮಾತಾದರೆ ನೀನು ಕೇಳುತ್ತೀಯ. ನನ್ನ ಆರೋಗ್ಯ ಚೆನ್ನಾಗಿದೆ. ಎಷ್ಟು ಚೆನ್ನಾಗಿದೆಯೆಂದರೆ, ಆಸ್ಪತ್ರೆಯವರೇ ನನ್ನನ್ನು ಮನೆಗೆ ಕಳಿಸಿದ್ದಾರೆ. ರೋಗಿಗಳಿಗೂ ಅಷ್ಟು ಬೇಗ ಡಿಸ್ಚಾರ್ಜ್ ಸಿಗುವುದಿಲ್ಲ.

ಫೋನು ಇರುವಾಗ ಕಾಗದವೇಕೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ನಿನ್ನ ಫೋನು ಪ್ರಭುವಿನ ಜೇಬಿನಲ್ಲಿರುತ್ತದೆ. ನಾನು ಮಾಡಿದರೆ ಅವನು ಸ್ಪೀಕರಿಗೆ ಹಾಕುತ್ತಾನೆ. ನೀನು ಅಡುಗೆಮನೆಯಿಂದ "ಇಲ್ಲ ಅನ್ನು" ಎನ್ನುವುದು ನನಗೂ ಸ್ಪಷ್ಟವಾಗಿ ಕೇಳಿಸುತ್ತದೆ. ಅಪ್ಪ ಹೋದಾಗಿನಿಂದ ವರ್ಷವಿಡೀ ನಾವು ತಾಯಿ ಮಗಳು ಹೀಗೆ ಮಾತಾಡಿದ್ದೇವೆ. ಮೊನ್ನೆ ಮಾತ್ರ ಅವನೇ ಫೋನು ಮಾಡಿದ್ದ. "ನೋಡೇ ಭುವನಾ, ಹದಿನೇಳಕ್ಕೆ ಅಪ್ಪನ ವರ್ಷದ ಪೂಜೆ. ಅಮ್ಮ ಒಂದೇ ಮಾತು ಹೇಳವ್ಳೆ. ನೆಂಟ್ರೆಲ್ಲ ಬಂದಿರ್ತಾರೆ, ಅವ್ರ ಮುಂದೆ ಸಮಾಧಿಗೆ ಕೈಮುಗ್ದು ಒಂದ್ಸಲ ಬಾಯ್ಬುಟ್ಟು ಅತ್ಬುಡು, ಮುಗೀತು. ಅಳಲ್ಲ ಅಂದ್ರೆ ಬರೋದೇ ಬ್ಯಾಡ ಅಂತವ್ಳೆ." ರಸ್ತೆ ಟೆಂಡರಿನ ಷರತ್ತು ಓದುವವನ ಹಾಗೆ ಓದಿದ. ನಾನೂ ಗುತ್ತಿಗೆದಾರಳ ಶ್ರದ್ಧೆಯಿಂದಲೇ ವಿಚಾರಿಸಿದೆ: ಕಣ್ಣೀರು ಮಾತ್ರವೋ, ಎದೆ ಬಡಿದುಕೊಳ್ಳುವುದೂ ಸೇರಿದೆಯೋ? ಸಮಾಧಿಯ ಮುಂದೆ ಕೂತು ಅಳಬೇಕೋ, ನಾಗರತ್ನಮ್ಮ ಚಿಕ್ಕಮ್ಮನಿಗೆ ಕಾಣುವ ಹಾಗೆ ಪಕ್ಕಕ್ಕೆ ತಿರುಗಿಯೋ? ಅವನು ಫೋನು ಇಟ್ಟ.

ಚಿಕ್ಕಮ್ಮನನ್ನು ಸುಮ್ಮನೆ ಎಳೆದು ತರಲಿಲ್ಲ. ಅಪ್ಪನ ಮಣ್ಣಿನ ದಿನ, ಒಣಗಿದ ಕಣ್ಣಿಟ್ಟುಕೊಂಡು ಓಡಾಡುತ್ತಿದ್ದ ನನ್ನನ್ನು ನೋಡಿ "ಈ ಪಿಲ್ಲ ಗುಂಡೆ ರಾಯಿ ಕಣಕ್ಕಾ" ಎಂದು ನಿನ್ನ ಕಿವಿಯಲ್ಲಿ, ಎಂದರೆ ಇಡೀ ಬೀದಿಗೆ ಕೇಳುವಂತೆ, ಹೇಳಿದವಳು ಅವಳೇ. ಗುಂಡೆ ಎಂದರೆ ಎದೆ, ರಾಯಿ ಎಂದರೆ ಕಲ್ಲು ಎಂದು ತಿಳಿಯುವಷ್ಟು ತೆಲುಗು ಪಾವಗಡದ ಬೀದಿನಾಯಿಗೂ ಬರುತ್ತದೆ. ನೀನು ಬೇಡ ಎನ್ನಲಿಲ್ಲ. ತಲೆ ಆಡಿಸಿದೆ. ಇರಬಹುದು ಬಿಡು. ನಾನು ಕೆಲಸ ಮಾಡುವ ಊರಿನ ನೆತ್ತಿಯ ಮೇಲೇ ಅಷ್ಟು ದೊಡ್ಡ ಬಂಡೆ ಕೂತಿದೆ. ಸಹವಾಸ ದೋಷ.

ಈಗ ನನ್ನ ಡಿಸ್ಚಾರ್ಜಿನ ಕಥೆ. ನಮ್ಮ ಆಸ್ಪತ್ರೆಯ ನರ್ಸುಗಳು ನಗುವುದಿಲ್ಲ, ಮುಖ ಗಂಟು ಹಾಕಿಕೊಂಡೇ ಸೂಜಿ ಚುಚ್ಚುತ್ತಾರೆ ಎಂದು ರೋಗಿಗಳ ಕಡೆಯವರಿಂದ ದೂರು ಬಂದಿತ್ತು. ಆಡಳಿತ ನೋಡುವ ಶಂಕರಲಿಂಗಪ್ಪನವರು ಕೂಲಂಕಷವಾಗಿ ಆಲೋಚಿಸಿ ಕಾಯಿಲೆ ಪತ್ತೆ ಹಚ್ಚಿದರು: ನರ್ಸುಗಳು ಕಡಿಮೆಯಿಲ್ಲ, ನರ್ಸುಗಳಲ್ಲಿ ಮೈಂಡ್‌ಫುಲ್‌ನೆಸ್ ಕಡಿಮೆಯಿದೆ. ಹಾಗೆಂದರೆ ಮಾಡುವ ಕೆಲಸದಲ್ಲಿ ಮನಸ್ಸಿಟ್ಟು, ಮೈ ಹೇಳುವುದನ್ನು ಕೇಳಿಸಿಕೊಂಡು, ಉಸಿರಾಡುವುದು. ಇಷ್ಟು ವರ್ಷ ನಾವು ಉಸಿರನ್ನು ಕದ್ದುಮುಚ್ಚಿ ಆಡುತ್ತಿದ್ದೆವು. ಇದನ್ನು ಕಲಿಸಲು ತುಮಕೂರಿನಿಂದ ರೇಣುಕಪ್ರಸಾದ್ ಎನ್ನುವ ತರಬೇತುದಾರರು ಬಂದರು. ಬಿಳಿ ಜುಬ್ಬ, ಒಂದು ಕೈಗೆ ರುದ್ರಾಕ್ಷಿ, ಇನ್ನೊಂದಕ್ಕೆ ಎದೆಬಡಿತ ಎಣಿಸುವ ಗಡಿಯಾರ. ಒಳ್ಳೆಯ ಹುಡುಗನೇ. ನರ್ಸಿನ ಮನಸ್ಸು ನಿಂತ ನೀರಾದರೆ ಕೈ ನಡುಗುವುದಿಲ್ಲ, ಕೈ ನಡುಗದಿದ್ದರೆ ರೋಗಿ ಹೆದರುವುದಿಲ್ಲ ಎಂದರು. ಅದು ಸುಳ್ಳಲ್ಲಮ್ಮ. ನಾನು ಸಿಡುಕುತ್ತಾ ಹೋದ ದಿನ ಪುಟ್ಟ ಮಕ್ಕಳ ನರ ಕೈಗೇ ಸಿಗುವುದಿಲ್ಲ, ಅವು ನನ್ನ ಮುಖ ನೋಡಿಯೇ ಒಳಗೆ ಓಡಿಹೋಗುತ್ತವೆ.

ಮೊದಲ ದಿನ ಫಿಸಿಯೋಥೆರಪಿ ಕೋಣೆಯಲ್ಲಿ ನಮ್ಮನ್ನೆಲ್ಲ ಚಾಪೆಯ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಸ್ಪೀಕರಿನಲ್ಲಿ ನದಿ ಹರಿಯುವ ಸದ್ದು ಹಾಕಿದರು. ಡ್ಯೂಟಿಗೆ ಬಂದ ನರ್ಸು ನೀರು ಕುಡಿಯುವುದಿಲ್ಲ ಎನ್ನುವುದು ಆ ಪುಣ್ಯಾತ್ಮನಿಗೆ ತಿಳಿಯದು. ಕುಡಿದರೆ ಹೋಗಬೇಕು, ಹೋದರೆ ವಾರ್ಡು ನೋಡುವವರಿಲ್ಲ. ಬೆಳಿಗ್ಗೆ ಮನೆಯಲ್ಲಿ ಕುಡಿದ ಕಾಫಿಯನ್ನೇ ಸಂಜೆಯ ತನಕ ಶಿಸ್ತಿನಿಂದ ಕಾಪಾಡಿಕೊಳ್ಳುತ್ತೇವೆ. "ಶರೀರ ನಿಮಗೆ ಏನೋ ಹೇಳ್ತಿದೆ, ಕೇಳಿಸ್ಕೊಳ್ಳಿ" ಎಂದರು. ನದಿ ಜುಳುಜುಳು ಎನ್ನುತ್ತಿತ್ತು. ನಮ್ಮೆಲ್ಲರ ಶರೀರಗಳೂ ಒಕ್ಕೊರಲಿನಿಂದ ಒಂದೇ ಮಾತು ಹೇಳಿದವು. ಮೊದಲು ಒಬ್ಬಳೆದ್ದಳು, ಹಿಂದೆಯೇ ಇನ್ನಿಬ್ಬರು, ಆಮೇಲೆ ಬಾಗಿಲಲ್ಲಿ ನೂಕುನುಗ್ಗಲು. ಏಳದೆ ಉಳಿದವರು ನಮ್ಮ ಹಿರಿಯ ಸಿಸ್ಟರ್ ಇಂದ್ರಮ್ಮ ಒಬ್ಬರೇ. "ನೋಡಿ, ಇವ್ರು ಎಷ್ಟು ಆಳಕ್ಕೆ ಇಳಿದಿದ್ದಾರೆ" ಎಂದು ರೇಣುಕಪ್ರಸಾದ್ ಮೆಚ್ಚಿದರು. ಇಂದ್ರಮ್ಮ ಆ ಆಳದಿಂದ ಗೊರಕೆ ಕಳಿಸಿದರು.

ಎರಡನೆಯ ದಿನ ಕಾಲ್ಬೆರಳಿನಿಂದ ನೆತ್ತಿಯವರೆಗೆ ಮೈಯ ಒಂದೊಂದೇ ಭಾಗಕ್ಕೆ ಗಮನ ಕೊಟ್ಟು, ಅಲ್ಲೇನು ಅನಿಸುತ್ತಿದೆ ನೋಡಿಕೊಳ್ಳಬೇಕಿತ್ತು. ನಾನು ಬೆಳಗಿನ ರೌಂಡ್ಸಿಗೆ ಹೊರಟ ಹಾಗೆ ಹೊರಟೆ. ಬೆರಳುಗಳು: ದೂರಿಲ್ಲ. ಮೀನಖಂಡ: ನರ ಉಬ್ಬಿದೆ, ಹಳೆಯ ಕೇಸು. ಸೊಂಟ: ಮಾತಾಡಿಸಬೇಡಿ. ಎದೆ: ಏನೂ ಇಲ್ಲ. ಮತ್ತೆ ನೋಡಿದೆ. ಏನೂ ಇಲ್ಲ. ಪೇಶೆಂಟು ಎದ್ದುಹೋದ ಮೇಲೆ ಹಾಸಿಗೆ ಬದಲಾಯಿಸಿದ ಮಂಚದ ಹಾಗಿತ್ತು. ಕಲ್ಲಾದರೂ ಇದ್ದಿದ್ದರೆ ಚಿಕ್ಕಮ್ಮನ ಮಾತು ಉಳಿಯುತ್ತಿತ್ತು. ಆಮೇಲೆ ರೇಣುಕಪ್ರಸಾದ್, ಎಲ್ಲರೂ ಎದ್ದು ಪದ್ಮಾಸನ ಹಾಕಿ ಎಂದರು. ದಿನವಿಡೀ ನಿಂತೇ ಇರುವ ಕಾಲು, ನನ್ನದು ಮಡಚಲಿಲ್ಲ. ಕ್ಷಮಿಸಿ ಮೇಡಂ ಎಂದು ಅವರೇ ಎದುರಿಗೆ ಕೂತು, ಒಂದು ಅಂಗೈಯನ್ನು ನನ್ನ ಮಂಡಿಯ ಕೆಳಗಿಟ್ಟು, ಇನ್ನೊಂದರಿಂದ ಹಿಮ್ಮಡಿ ಹಿಡಿದು, ಮೆಲ್ಲಗೆ ಒಳಕ್ಕೆ ತಂದರು. "ಬಿಗಿ ಮಾಡ್ಬೇಡಿ ಮೇಡಂ, ಸಡಿಲ ಬಿಡಿ."

ಅಮ್ಮಾ, ಆ ಹಿಡಿತ ನನಗೆ ಗೊತ್ತು. ಅಪ್ಪನಿಗೆ ನಾನು ಹಿಡಿದದ್ದು ಹಾಗೆಯೇ. ಅಪ್ಪ ನಮ್ಮ ವಾರ್ಡಿನಲ್ಲೇ ಮಲಗಿದ್ದರು, ಅವತ್ತು ನೀನು ಅವರಿಗೆ ಎಳನೀರು ತರಲು ಬಸ್ ಸ್ಟ್ಯಾಂಡಿನ ಕಡೆ ಹೋಗಿದ್ದೆ. ಡಾಕ್ಟರು ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ನನ್ನ ಭುಜ ಮುಟ್ಟಿ, ಪಕ್ಕದ ಮಂಚಕ್ಕೆ ಹೋದರು. ಬೇರೆ ಯಾರ ಅಪ್ಪನಾಗಿದ್ದರೂ ಕಾಲು ನೇರ ಚಾಚಿ, ಎರಡು ಹೆಬ್ಬೆರಳು ಸೇರಿಸಿ ಬ್ಯಾಂಡೇಜ್ ಬಟ್ಟೆಯಿಂದ ಕಟ್ಟುತ್ತಿದ್ದೆ, ನಮಗೆ ಕಲಿಸಿರುವುದು ಹಾಗೆ. ಬಟ್ಟೆ ಕೈಗೆ ತೆಗೆದುಕೊಂಡೂ ಆಗಿತ್ತು. ಆಗ ನೆನಪಾಯಿತು, ನಮ್ಮವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ, ಕೂರಿಸಿ ಮಾಡುತ್ತೇವೆ. ವ್ಯಾನು ಸಿಕ್ಕಿ, ಮಧುಗಿರಿ ಬಿಟ್ಟು, ಪಾವಗಡ ಮುಟ್ಟುವಷ್ಟರಲ್ಲಿ ಮೈ ಸೆಟೆದುಕೊಂಡಿರುತ್ತದೆ. ಸೆಟೆದ ಮೇಲೆ ಹೇಗೆ ಕೂರಿಸುತ್ತಾರೆ ಎನ್ನುವುದನ್ನು ನಾನು ನೋಡಿದ್ದೇನೆ. ಅಜ್ಜ ಹೋದಾಗ ಗಂಡಸರು ಅವರ ಮಂಡಿಯ ಮೇಲೆ ಭಾರ ಬಿಟ್ಟು ಕೂತಿದ್ದರು, ಆ ಸದ್ದು ಕೇಳಬಾರದೆಂದು ನೀನು ನನ್ನ ಕಿವಿ ಮುಚ್ಚಿದ್ದೆ. ಅಪ್ಪನಿಗೆ ಅದು ಆಗಬಾರದಿತ್ತು. ಅದಕ್ಕೇ ಬೆಚ್ಚಗಿರುವಾಗಲೇ ಮಡಚಿದೆ. ಮೊದಲು ಬಲಗಾಲು, ಯಾಕೆಂದರೆ ಅದು ನೋವಿನ ಕಾಲು, ಅದನ್ನು ಅವಸರ ಮಾಡಬಾರದು.

ಅಷ್ಟರಲ್ಲಿ ನೀನು ಎಳನೀರು ಹಿಡಿದು ಒಳಗೆ ಬಂದೆ. "ಯಾಕೇ ಕಾಲು ಮಡಿಸ್ತಿದ್ದೀಯ, ಅವರಿಗೆ ನೋವಾಗಲ್ವೇನೇ?" ಎಂದೆ. ನಾನು ತಲೆ ಎತ್ತಲಿಲ್ಲ. ನನ್ನ ಬಾಯಿಂದ ಬಂದ ಮಾತು, "ಅಟೆಂಡರ್ ಸ್ವಲ್ಪ ಹೊರಗಿರಿ." ರೋಗಿಯ ಜೊತೆ ಬಂದವರನ್ನೆಲ್ಲ ನಾವು ಕರೆಯುವುದು ಹಾಗೆ. ಹೆಂಡತಿ, ತಾಯಿ, ಮಗ, ಯಾರೇ ಆಗಲಿ, ವಾರ್ಡಿನಲ್ಲಿ ಅಟೆಂಡರ್. ನಿನ್ನ ಗಂಡ ಹೋದರು ಎನ್ನುವ ಸುದ್ದಿಯನ್ನು ನಿನಗೆ ಎರಡು ಮಂಡಿಗಳು ಹೇಳಿದವು, ಮಗಳು ಹೇಳಲಿಲ್ಲ. ಆ ಕೋಪ ನ್ಯಾಯವಾದದ್ದು, ಅದನ್ನು ನೀನು ಸಾಯುವ ತನಕ ಇಟ್ಟುಕೋ, ನಾನು ಕೇಳುವುದಿಲ್ಲ. ಆದರೆ ಇದನ್ನೂ ಇಟ್ಟುಕೋ. ಹಗಲೆಲ್ಲ ಅಪ್ಪ, ಹೊತ್ತೊಯ್ಯಲು ಕಟ್ಟಿದ ಹೂವಿನ ವಿಮಾನದಲ್ಲಿ ಒಂದಿಷ್ಟೂ ವಾಲದೆ ಕೂತಿದ್ದರು. "ಶಿವಯೋಗಿ ಕೂತಂಗೆ ಕೂತವ್ರೆ ಕಣಕ್ಕಾ" ಎಂದು ಇದೇ ನಾಗರತ್ನಮ್ಮ ಚಿಕ್ಕಮ್ಮ ಬಂದವರಿಗೆಲ್ಲ ತೋರಿಸುತ್ತಿದ್ದಳು. ಅದು ಯಾರ ಕೈಕೆಲಸ ಎಂದು ಒಬ್ಬರೂ ಕೇಳಲಿಲ್ಲ. ಗೊತ್ತಿದ್ದವಳು ನೀನೊಬ್ಬಳೇ, ನೀನು ಹೇಳಲಿಲ್ಲ. ಕಲ್ಲಿನ ಮಾತಿಗೆ ಮಾತ್ರ ತಲೆ ಆಡಿಸಿದೆ.

ರೇಣುಕಪ್ರಸಾದರ ಕೈ ನನ್ನ ಮಂಡಿಯ ಕೆಳಗಿತ್ತು, ನನ್ನ ಅಂಗೈ ಬಿಸಿಯಾಯಿತು. ಜ್ವರದ ಬಿಸಿಯಲ್ಲ, ಅದನ್ನು ನಾನು ಬಲ್ಲೆ. ಅಪ್ಪನ ಕಾಲಿನ ಬಿಸಿ. ಅವತ್ತು ಅದು ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಿದ್ದದ್ದು ಅಂಗೈಗೆ ತಿಳಿದಿತ್ತು, ನನಗೆ ತಿಳಿದಿರಲಿಲ್ಲ. ನಾನು ಅತ್ತುಬಿಟ್ಟೆ ಅಮ್ಮಾ. ಸೆರಗಿನ ಅಂಚು ಒದ್ದೆಯಾಗುವ ಸಂಭಾವಿತ ಅಳುವಲ್ಲ, ನೀನು ಕೇಳಿದ ಬಾಯಿಬಿಟ್ಟ ಅಳುವೇ, ಷರತ್ತಿನಲ್ಲಿ ಹೇಳಿದ್ದಕ್ಕಿಂತ ಜೋರಾಗಿ. ಮೊದಮೊದಲು ಗುರುಗಳಿಗೆ ಸಂತೋಷವಾಯಿತು. "ಬರ್ಲಿ ಮೇಡಂ, ಬರ್ಲಿ, ತಡೀಬೇಡಿ" ಎಂದರು. ಬಂತು. ಆಮೇಲೆ "ಸಾಕು ಮೇಡಂ" ಎಂದರು. ಆಮೇಲೆ ಧ್ಯಾನ ಮುಗಿಸಲು ಇಟ್ಟಿದ್ದ ಹಿತ್ತಾಳೆ ಬಟ್ಟಲು ಬಾರಿಸಿದರು, ನದಿಯ ಸದ್ದು ಜೋರು ಮಾಡಿದರು. ಇಂದ್ರಮ್ಮ ಗಾಬರಿಯಿಂದ ಎದ್ದು, ಕಣ್ಣು ಬಿಡುವ ಮುಂಚೆಯೇ ಚಪ್ಪಲಿಗೆ ತಡಕಾಡುತ್ತಾ "ಯಾವ ಬೆಡ್ಡು? ಯಾರು ಹೋದ್ರು?" ಎಂದರು. ನಮ್ಮಪ್ಪ ಎಂದೆ. "ಹೋದ ವರ್ಷ ಹೋದ್ರಲ್ಲೇ ಪಾಪಿ!" ಹೂಂ ಸಿಸ್ಟರ್, ನನಗೆ ಈಗ ಹೋದ್ರು ಎಂದೆ. ಅವರು ಮತ್ತೇನೂ ಕೇಳದೆ ನನ್ನ ತಲೆಯನ್ನು ತೊಡೆಗೆ ಎಳೆದುಕೊಂಡು, "ಸಾರ್, ಮೊದ್ಲು ಆ ನದಿ ಆಫ್ ಮಾಡಿ" ಎಂದರು. ಹೀಗೆ ಅಳುವುದಕ್ಕೆ ಒಂದು ತೊಡೆ ಸಿಕ್ಕಿತು. ಪರವಾಗಿಲ್ಲ, ಅದು ನೆಂಟರದಲ್ಲ.

ಮಾರನೆಯ ದಿನ ಶಂಕರಲಿಂಗಪ್ಪನವರು ಕರೆಸಿದರು. ಅಷ್ಟು ಹೊತ್ತಿಗೆ ನಾನು ಡ್ರಿಪ್ ಬದಲಾಯಿಸುವಾಗ ಒಮ್ಮೆ, ಬೆಡ್‌ಶೀಟ್ ಮಡಚುವಾಗ ಒಮ್ಮೆ ಅತ್ತಾಗಿತ್ತು. "ನೋಡಮ್ಮ, ಗಂಟು ಮುಖದ ನರ್ಸನ್ನಾದ್ರೂ ಪೇಶೆಂಟು ತಡ್ಕೋತಾನೆ. ಅಳೋ ನರ್ಸು ಕಂಡ್ರೆ ನನ್ನ ರಿಪೋರ್ಟ್ ಬಂತೇನೋ ಅಂತ ಅಲ್ಲೇ ಎದೆ ಒಡ್ಕೊತಾನೆ. ಮನಸ್ಸು ಸಮಾಧಾನ ಆಗೋವರ್ಗೂ ಮನೇಲಿರು" ಎಂದರು. ಇಡೀ ಆಸ್ಪತ್ರೆಯಲ್ಲಿ ಆ ತರಬೇತಿ ಹತ್ತಿದ್ದು ನನಗೊಬ್ಬಳಿಗೆ, ಮನೆಗೆ ಬಂದವಳೂ ನಾನೊಬ್ಬಳೇ. ಗಾಢ ಏಕಾಗ್ರತೆಗಾಗಿ ಪ್ರಮಾಣಪತ್ರ ಇಂದ್ರಮ್ಮನವರಿಗೆ ಬಂತು. ಅವರು ಅದನ್ನು ನನ್ನ ರೂಮಿಗೆ ತಂದು, "ಇದ್ರಲ್ಲಿ ಬಿಸಿ ಪಾತ್ರೆ ಇಳಿಸ್ಕೊಳೇ, ದಪ್ಪ ಕಾಗದ" ಎಂದು ಕೊಟ್ಟು ಹೋದರು.

ಪೂಜೆಯ ವಿಚಾರ ಪ್ರಭುವಿಗೆ ತಿಳಿಸುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ಅತ್ತಿಗೆಗೆ ನನ್ನ ನೆನಪು ಹೇಳು. ಚಿಕ್ಕಮ್ಮನಿಗೂ ಹೇಳು, ತೆಲುಗಿನಲ್ಲೇ ಹೇಳು. ಚಳಿ ಇನ್ನೂ ಹೋಗಿಲ್ಲ, ಬೆಳಿಗ್ಗೆ ತಣ್ಣೀರಿನಲ್ಲಿ ಮೈ ತೊಳೆಯುವ ಹಟ ಬಿಡು. ಶಿವ ನಿನ್ನ ಮೈಯನ್ನೂ ಬಾಯನ್ನೂ ಗಟ್ಟಿಯಾಗಿಟ್ಟಿರಲಿ.

ನಿನ್ನ ಮಗಳು,
ಭುವನಾ

ಮರೆತ ಮಾತು: ಮರೆತಿರಲಿಲ್ಲ, ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದೆ. ಹದಿನೇಳಕ್ಕೆ ನಾನು ಬರುವುದಿಲ್ಲ. ಅಳು ಬರುವುದಿಲ್ಲ ಎಂದಲ್ಲ. ಈಗ ಬರುತ್ತದೆ, ಅದಕ್ಕೇ. ಅದನ್ನು ನೆಂಟರ ಮುಂದೆ ತಟ್ಟೆಯಲ್ಲಿಟ್ಟು ಹಂಚಲಾರೆ. ಹದಿನೆಂಟರ ಬೆಳಿಗ್ಗೆ, ಶಾಮಿಯಾನ ಬಿಚ್ಚಿ ಎಲ್ಲರೂ ಹೋದ ಮೇಲೆ, ಅಪ್ಪನ ಸಮಾಧಿಯ ಹತ್ತಿರ ಇರುತ್ತೇನೆ. ಪ್ರಭುವಿಗೆ ಹೇಳಬೇಡ. ಬರುವುದಾದರೆ ಒಬ್ಬಳೇ ಬಾ. ಬರದಿದ್ದರೆ, ನಾನು ಅಲ್ಲಿ ಅತ್ತೆನೋ ಇಲ್ಲವೋ ಎಂದು ನಿನಗೆ ಯಾರೂ ಹೇಳುವುದಿಲ್ಲ. ನಾನೂ ಹೇಳುವುದಿಲ್ಲ.