ಮೆಲ್ಲಗೆ ಆಡುವ ಬೀದಿ

ಪ್ರೀತಿಯ ಅಪ್ಪನಿಗೆ,

ನನ್ನ ಅಂಗಡಿಗೆ ಬೀಗ ಹಾಕಿಸುವ ಮಾತು ಸದ್ಯಕ್ಕೆ ಬಿಡಿ. ವ್ಯಾಪಾರ ಆಗದ್ದಕ್ಕೆ ಕಾರಣ ಸಿಕ್ಕಿತು!

ಟಿವಿಗೆ ಜೋಡಿಸುವ ದೊಡ್ಡ ಗೇಮ್ ಯಂತ್ರ ನಿಮ್ಮ ಅಂಗಡಿಯಲ್ಲಿ ಬಂದದ್ದು ಬಂದಂತೆ ಖರ್ಚಾಗುತ್ತದೆ, ನನ್ನಲ್ಲಿ ಧೂಳು ತಿನ್ನುತ್ತಾ ಕೂತಿದೆ. "ನಿಂಗೆ ವ್ಯಾಪಾರ ಮಾಡಕ್ಕೆ ಬರಲ್ಲ" ಅಂದಿರಿ. ನಾನೂ ಹೌದೇನೋ ಅಂದುಕೊಂಡೆ.

ನಿನ್ನೆ ಒಬ್ಬ ಹುಡುಗಿ ಒಂದನ್ನು ಕೊಂಡಳು. ಜೋಡಿಸಿಕೊಡಲು ನಾನೇ ಹೋದೆ. ಬಾಗಿಲು ತೆಗೆದ ಅವಳ ತಾಯಿ, "ಶ್... ಮೆಲ್ಲಗೆ ಬನ್ನಿ, ನಮ್ಮವರು ಈಗಷ್ಟೇ ಮಲ್ಕೊಂಡ್ರು" ಅಂದರು. ನಡುಮಧ್ಯಾಹ್ನ! ಇರುವ ಒಂದೇ ಕೋಣೆಯಲ್ಲಿ ಟಿವಿ, ಅದರೆದುರಿಗೇ ಹಾಸಿಗೆ, ಹಾಸಿಗೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಯಜಮಾನರು. ಯಂತ್ರವನ್ನು ಹಾಗೇ ವಾಪಸ್ ಹೊತ್ತು ತಂದೆ.

ಅಪ್ಪಾ, ಇದು ಕಾರ್ಖಾನೆಯವರ ಬೀದಿ. ಯಾವ ಹೊತ್ತಿಗೆ ಹೋದರೂ ಪ್ರತಿ ಮನೆಯಲ್ಲೂ ಒಬ್ಬರು ನಿದ್ದೆಯಲ್ಲಿರುತ್ತಾರೆ. ಆಡುವ ಆಸೆಗೇನೂ ಕಮ್ಮಿಯಿಲ್ಲ, ಟಿವಿ ಹಾಕುವ ಹಾಗಿಲ್ಲ ಅಷ್ಟೇ! ಆ ಹುಡುಗಿ ನನ್ನ ಹಿಂದೆಯೇ ಓಡಿ ಬಂದು, ಕೈಯಲ್ಲಿ ಹಿಡಿದು ಆಡುವ ಚಿಕ್ಕದನ್ನು ಇಯರ್‌ಫೋನ್ ಸಮೇತ ಒಯ್ದಳು. ಅವಳನ್ನು ನೋಡಿ ಅಕ್ಕಪಕ್ಕದವರೂ ಬಂದರು. ಸಂಜೆಯೊಳಗೆ ಚಿಕ್ಕವೆಲ್ಲ ಖಾಲಿ!

ದೊಡ್ಡವನ್ನು ನೀವೇ ಇಟ್ಟುಕೊಳ್ಳಿ. ನಿಮ್ಮ ಕಡೆ ಹಾಲ್ ಬೇರೆ, ಮಲಗುವ ಕೋಣೆ ಬೇರೆ. ನನಗೆ ಚಿಕ್ಕವನ್ನೇ ಕಳಿಸಿ, ಇಯರ್‌ಫೋನ್ ಮರೆಯಬೇಡಿ.

ಇದನ್ನೆಲ್ಲ ಫೋನಿನಲ್ಲೇ ಕೂಗಿ ಹೇಳಬೇಕೆನಿಸಿತ್ತು. ಆದರೆ ನೀವು ಇನ್ನೂ ಅಳಿಯ ಎಂದು ಕರೆಯದ ನಿಮ್ಮ ಅಳಿಯ ರಾತ್ರಿ ಪಾಳಿ ಮುಗಿಸಿ ಬಂದು ಇಲ್ಲೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗಿದ್ದಾರೆ. ಅದಕ್ಕೇ ಈ ಪತ್ರ.

ಸರಕಿನ ಜೊತೆ ನೀವೂ ಬನ್ನಿ. ಸಂಜೆ ಹೊತ್ತಿಗೆ ಬನ್ನಿ ಅಪ್ಪಾ, ಅವರು ಎದ್ದಿರುತ್ತಾರೆ.

ವ್ಯಾಪಾರ ಮಾಡಲು ಬರುವ,
ನಿಮ್ಮ ಮಗಳು