ಭಾನುವಾರ ಡಬ್ಬ ಹುಡುಕುವುದು

ರೀ,

ಕ್ಷೇಮ ಸಮಾಚಾರ ಕೇಳುವ ಸ್ಥಿತಿಯಲ್ಲಿ ನೀವಿಲ್ಲ, ಹೇಳುವ ಸ್ಥಿತಿಯಲ್ಲಿ ನಾನಿಲ್ಲ. ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಹೆಂಡತಿ ಈಗ ಭಾನುವಾರ ಬಂತೆಂದರೆ ಬೆಟ್ಟ, ಬದು, ಪೊದೆ ಅಂತ ಸುತ್ತಿ ಡಬ್ಬ ಹುಡುಕುತ್ತಾಳೆ. ನಗಬೇಡಿ. ನಕ್ಕರೂ ನನಗೆ ಕೇಳಿಸುವುದಿಲ್ಲ, ಅದೇ ಕಷ್ಟ.

ನಮ್ಮ ಇಂಟರ್ನೆಟ್ ಅಂಗಡಿಯ ಮೊದಲ ಕಂಪ್ಯೂಟರನ್ನು ಮೈಸೂರಿನಿಂದ ಬಸ್ಸಿನಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು ತಂದಿರಲ್ಲ, ಬಿಳಿಕೆರೆ ಹತ್ತಿರ ಬಸ್ಸು ಎತ್ತಿ ಹಾಕಿದಾಗ ಡ್ರೈವರನಿಗೆ ಬೈದಿರಲ್ಲ, ಅದು ಈಗಲೂ ಓಡುತ್ತಿದೆ. "ಹುಣಸೂರಲ್ಲಿ ಇಂಟರ್ನೆಟ್ ಯಾರಿಗೆ ಬೇಕು ಅಂತೀಯಲ್ಲಮ್ಮೀ, ನೋಡ್ತಿರು, ಕ್ಯೂ ನಿಲ್ತಾರೆ" ಅಂದಿದ್ದಿರಿ. ಕ್ಯೂ ಏನೂ ನಿಲ್ಲಲಿಲ್ಲ. ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಮಾತ್ರ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನೀವು ಊಟದ ಮಧ್ಯೆ ಎದೆ ಹಿಡಿದುಕೊಂಡು ಎದ್ದವರು ಹಾಗೇ ಹೋಗಿಬಿಟ್ಟ ಮೇಲೆ, ಅಂಗಡಿ ಮಾರಿಬಿಡು ಅಂತ ಎಲ್ಲರೂ ಹೇಳಿದರು. ತಿಥಿ ಮುಗಿದ ವಾರವೇ ಬಾಗಿಲು ತೆಗೆದೆ. ವಾರವಿಡೀ ಜನ, ಜೆರಾಕ್ಸು, ಗಲಾಟೆ. ಭಾನುವಾರ ಮಾತ್ರ... ಮಕ್ಕಳಿಲ್ಲದ ಮನೆಯಲ್ಲಿ ಭಾನುವಾರ ಎಷ್ಟು ಉದ್ದ ಇರುತ್ತದೆ, ಗೊತ್ತಾ ನಿಮಗೆ? ಕುಕ್ಕರ್ ಕೂಗಿದರೂ ಯಾರೋ ಕರೆದರು ಅಂತ ತಿರುಗಿ ನೋಡುತ್ತೇನೆ.

ಹೊರದೇಶದವರು ಯಾರಾದರೂ ಅಂಗಡಿಗೆ ಬಂದರೆ, "ಪಿಯುಸಿ ಓದಿರೋಳು ನೀನು, ನೀನೇ ಮಾತಾಡು" ಅಂತ ನನ್ನನ್ನು ಮುಂದೆ ತಳ್ಳಿ ನೀವು ಜೆರಾಕ್ಸ್ ಮಿಷನ್ ಹಿಂದೆ ಸೇರಿಕೊಳ್ಳುತ್ತಿದ್ದಿರಿ. ಹಾಗೆ ಕಲಿತ ಹರುಕು ಇಂಗ್ಲಿಷೇ ಈಗ ನನ್ನನ್ನು ಈ ಹುಚ್ಚಿಗೆ ಹಚ್ಚಿತು. ಬೈಲಕುಪ್ಪೆಯಲ್ಲಿ ಟಿಬೆಟಿನ ಮಕ್ಕಳಿಗೆ ಪಾಠ ಹೇಳಲು ಬಂದಿದ್ದ ಹೆಲೆನ್ ಎಂಬವಳು ಮೈಸೂರಿಗೆ ಹೋಗಿಬರುವಾಗ ಪಕ್ಕದ ಹೋಟೆಲಿನ ಮಸಾಲೆ ದೋಸೆಗೆಂದು ಇಲ್ಲಿ ಇಳಿಯುತ್ತಿದ್ದಳು. ದೋಸೆ ಆದ ಮೇಲೆ ನಮ್ಮಲ್ಲಿ ಬಂದು ಮೇಲ್ ನೋಡುವುದು. ಒಂದು ದಿನ ನಿಮ್ಮ ಹೆಸರು ಕೇಳಿದಳು. ಗಂಡನ ಹೆಸರನ್ನು ಬಾಯಲ್ಲಿ ಹೇಳುವುದು ಹೇಗೆ? ನಿಮ್ಮ ಹೆಸರಿರುವ ಅಂಗಡಿಯ ಬೋರ್ಡು ತೋರಿಸಿದೆ. ಅವಳಿಗೆ ಏನು ಅರ್ಥವಾಯಿತೋ, ನನ್ನ ಕೈ ಹಿಡಿದುಕೊಂಡಳು. ಆಮೇಲೆ ಸ್ಕ್ರೀನ್ ತಿರುಗಿಸಿ ತನ್ನ ಆಟ ತೋರಿಸಿದಳು.

ಆಟದ ಹೆಸರು ಜಿಯೋಕ್ಯಾಶಿಂಗ್. ಹೇಳುತ್ತೇನೆ ಕೇಳಿ, ಕಷ್ಟವೇನಿಲ್ಲ. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಅಂಗೈಯಷ್ಟಗಲದ ಜಿಪಿಎಸ್ ಯಂತ್ರಕ್ಕೆ ಆ ಅಂಕಿ ಕೊಟ್ಟರೆ ಅದು ಬಾಣ ತೋರಿಸುತ್ತದೆ. ನಾವು ಹೋಗಿ ಹುಡುಕಬೇಕು. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬವನ್ನು ಇದ್ದಲ್ಲೇ ಇಟ್ಟು ಬರಬೇಕು. ದಾರಿಹೋಕರಿಗೆ ಗುಟ್ಟು ಬಿಡಬಾರದು. "ಸಿಕ್ಕಿದ ಮೇಲೆ ಏನು ಲಾಭ?" ಅಂತ ಕೇಳಿದೆ. "ಏನೂ ಇಲ್ಲ" ಅಂದಳು. ನನಗೆ ಅದು ಹಿಡಿಸಿತು, ಯಾಕೋ. ಊರಿಗೆ ಹೊರಡುವಾಗ ತನ್ನ ಹಳೆಯ ಯಂತ್ರವನ್ನು ನನ್ನ ಕೈಗಿಟ್ಟು ಹೋದಳು. ನಮ್ಮ ಸುತ್ತಮುತ್ತ ಇರುವುದೇ ಎಲ್ಲೋ ಬೆರಳೆಣಿಕೆ ಡಬ್ಬ. ಎಲ್ಲವೂ ಹೀಗೆ ಬಂದುಹೋದ ಪರದೇಶದವರು ಇಟ್ಟವು.

ಮದುವೆಯಾದ ಹೊಸದರಲ್ಲಿ ಕೆ.ಆರ್. ನಗರದ ನಮ್ಮ ತವರಿಗೆ ಹೋದಾಗಲೆಲ್ಲ ನೀವು ನನ್ನನ್ನು ಚುಂಚನಕಟ್ಟೆಗೆ ಕರೆದೊಯ್ಯುತ್ತಿದ್ದಿರಿ. ನೀರು ಬೀಳುವ ಸದ್ದಿಗೆ ಒಂದಕ್ಷರ ಕೇಳಿಸುತ್ತಿರಲಿಲ್ಲ, ನೀವು ಮಾತ್ರ ಮಾತು ನಿಲ್ಲಿಸುತ್ತಿರಲಿಲ್ಲ. ನನ್ನ ಮೊದಲ ಡಬ್ಬ ಅಲ್ಲೇ. ಬೇಸಿಗೆ, ಹೊಳೆ ಸೊರಗಿತ್ತು. ಬಾಣ ಹಿಡಿದು ಹೋದೆ, ಬಂಡೆ ಸಂದಿಗೆಲ್ಲ ಕೈ ಹಾಕಿದೆ, ಚೇಳು ಇದ್ದರೆ ಏನು ಗತಿ ಅಂತ ಕೈ ತೆಗೆದೆ, ಮತ್ತೆ ಹಾಕಿದೆ. ಒಂದು ಮರದ ಬೇರಿನ ಸಂದಿಯಲ್ಲಿ ಸಿಕ್ಕಿತು ನೋಡಿ! ಫಿಲಂ ರೋಲು ಹಾಕುವ ಕರಿ ಡಬ್ಬಿ, ಅಷ್ಟೇ. ಒಳಗೆ ಸುತ್ತಿಟ್ಟ ಚೀಟಿ. ಇಂಗ್ಲಿಷ್ ಹೆಸರುಗಳ ಕೆಳಗೆ ಕನ್ನಡದಲ್ಲಿ "ಸರೋಜ, ಹುಣಸೂರು" ಅಂತ ಬರೆದೆ. ಎಷ್ಟೋ ತಿಂಗಳ ಮೇಲೆ ಅಷ್ಟು ಖುಷಿಯಾಗಿತ್ತು ನನಗೆ. ಆ ಖುಷಿಯಲ್ಲಿ ತಿರುಗಿ, "ರೀ, ಸಿಕ್ತು!" ಅಂತ ಕೂಗಿಬಿಟ್ಟೆ.

ಹಿಂದೆ ಯಾರಿದ್ದರು? ಒಂದು ಕೋತಿ ಇತ್ತು.

ಬಸ್ಸಿನಲ್ಲಿ ಪಕ್ಕದವಳಿಗೆ ಹೇಳೋಣ ಅಂದುಕೊಂಡೆ. ಏನಂತ ಹೇಳುವುದು? ಬೇರಿನ ಸಂದಿಯಲ್ಲಿ ಒಂದು ಡಬ್ಬಿ ಸಿಕ್ಕಿತು, ಅಲ್ಲೇ ಇಟ್ಟು ಬಂದೆ ಅಂದರೆ ಅವಳು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದಳು. ಹುಣಸೂರಿಗೆ ಬಂದು ಬೀಗ ತೆಗೆದಾಗ ಖುಷಿಯೆಲ್ಲ ಇಳಿದುಹೋಗಿತ್ತು. ಅವತ್ತೇ ನನಗೆ ಗೊತ್ತಾದದ್ದು ರೀ, ಡಬ್ಬ ಸಿಗುವುದು ದೊಡ್ಡದಲ್ಲ. ಸಿಕ್ತು ಅಂತ ಹೇಳಲು ಒಬ್ಬರು ಬೇಕು. ನನಗೆ ಬೇಕಾದದ್ದು ಅಷ್ಟೇ, ಅದೊಂದೇ ಇಲ್ಲ.

ಕಬಿನಿ ಹಿನ್ನೀರು ನೋಡಲು ಹೋದಾಗ ಆನೆ ಬರುತ್ತದೆ ಅಂತ ನನ್ನನ್ನು ಹೆದರಿಸಿ, ಪೊದೆಯಲ್ಲಿ ಎಮ್ಮೆ ಅಲುಗಾಡಿದ್ದಕ್ಕೆ ನೀವೇ ಮೊದಲು ಓಡಿದ್ದು ನೆನಪಿದೆಯಾ? ಎರಡನೇ ಡಬ್ಬ ಆ ಕಡೆಯದೇ. ಎಚ್.ಡಿ. ಕೋಟೆಗೆ ಬಸ್ಸು, ಅಲ್ಲಿಂದ ಟೆಂಪೋ, ಆಮೇಲೆ ಕೆಸರಿನಲ್ಲಿ ನಡಿಗೆ. ಹೋಗಿ ನೋಡುತ್ತೇನೆ, ಬಾಣ ನೀರಿನ ನಟ್ಟನಡುವೆ ತೋರಿಸುತ್ತಿದೆ! ಪುಣ್ಯಾತ್ಮ ಯಾರೋ ಬೇಸಿಗೆಯಲ್ಲಿ ಬಂದು, ನೀರಿಳಿದ ನೆಲವನ್ನೇ ದಡ ಅಂದುಕೊಂಡು ಬಚ್ಚಿಟ್ಟಿದ್ದಾನೆ. ಮಳೆ ಹಿಡಿದು ಡ್ಯಾಮು ತುಂಬಿದರೆ ಅದೆಲ್ಲ ಮುಳುಗುತ್ತದೆ ಅಂತ ಅವನಿಗೆ ಹೇಳುವವರು ಯಾರು? ಯಂತ್ರವನ್ನು ಮೇಲೆತ್ತಿ ಹಿಡಿದು ನಿಂತಿದ್ದ ನನ್ನನ್ನು ನೋಡಿ ಎಮ್ಮೆ ಮೇಯಿಸುತ್ತಿದ್ದವನೊಬ್ಬ ಬಂದ.

"ಸಿಗ್ನಲ್ ಸಿಕ್ತಿಲ್ವಾ ಅವ್ವಾ?"

"ಇಲ್ಲಪ್ಪಾ."

"ಇಲ್ಲಿ ಯಾರ್ಗೂ ಸಿಗಾಕಿಲ್ಲ, ಬುಡಿ" ಅಂತ ಸಮಾಧಾನ ಹೇಳಿ ಹೋದ. ದಂಡೆಯ ಮೇಲೆ ಕೂತು ಪುಳಿಯೋಗರೆ ತಿಂದು, ನೀರು ನೋಡಿ, ವಾಪಸು ಬಂದೆ. ಟೆಂಪೋದಲ್ಲಿ ನಮ್ಮೂರಿನವರು ಯಾರೋ ಇದ್ದಿರಬೇಕು, ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು. ನಿಮ್ಮ ತಮ್ಮ ಸೋಮಣ್ಣ ಬಂದು, "ಏನತ್ತಿಗೆ, ನಿಧಿ ಹುಡುಕ್ತಿದ್ದೀರಂತೆ? ಸಿಕ್ರೆ ನಮ್ಗೂ ಒಂದ್ ಪಾಲು ಮಡಗಿ" ಅಂದ. "ಸಿಕ್ಕಲಿ, ಮೊದಲು ನಿನಗೆ ತಲೆ ಬಾಚಿಕೊಳ್ಳೋಕೆ ಒಂದು ಬಾಚಣಿಗೆ ತರ್ತೀನಿ" ಅಂದೆ. ನಿಮ್ಮ ಮನೆಯವರ ಬಾಯಿ ಮುಚ್ಚಿಸುವುದನ್ನು ನಾನು ಮರೆತಿಲ್ಲ. ಆದರೆ ಅವನು ಹೋದ ಮೇಲೆ ಯಂತ್ರವನ್ನು ಬೀರುವಿನಲ್ಲಿಟ್ಟು, ಸಾಕು ಈ ಹುಚ್ಚಾಟ ಅಂತ ಅತ್ತೆ.

ನಿಮ್ಮ ಚಿಕ್ಕಪ್ಪನ ಹೊಲದಲ್ಲಿ ಹೊಗೆಸೊಪ್ಪು ಮುರಿಯಲು ಹೋಗಿ, ಕೈಯೆಲ್ಲ ಅಂಟು ಹಿಡಿದು ಕಪ್ಪಾದದ್ದನ್ನು ಉಜ್ಜಿ ಉಜ್ಜಿ ಸುಸ್ತಾಗಿ, ಕಪ್ಪು ಕೈಯಲ್ಲೇ ನನ್ನ ಕೆನ್ನೆ ಮುಟ್ಟಿದ್ದಿರಿ. ಶ್ರಾವಣದಲ್ಲಿ ರಸ್ತೆ ಬದಿಯ ಹೊಲಗಳಲ್ಲಿ ಸೊಪ್ಪು ಮುರಿಯುವುದನ್ನು ಕಂಡಾಗ ಅದು ನೆನಪಾಗಿ, ಮನೆಯಲ್ಲಿ ಕೂರಲಾಗದೆ ಯಂತ್ರ ತೆಗೆದುಕೊಂಡು ಹೊರಟೆ. ಪಿರಿಯಾಪಟ್ಟಣ ತಾಲ್ಲೂಕು, ಬೆಟ್ಟದಪುರದ ಬೆಟ್ಟದ ಬುಡ. ಹೊಗೆಸೊಪ್ಪಿನ ಹೊಲ, ಪಕ್ಕದಲ್ಲಿ ಕುಸಿದ ಕಲ್ಲುಗೋಡೆ, ಅದರ ಮೇಲೆಲ್ಲ ಲಂಟಾನ. ಬಾಣ ಗೋಡೆಯ ಹತ್ತಿರ ಹೋದ ಮೇಲೆ ಹುಚ್ಚು ಹಿಡಿದ ಹಾಗೆ ಅತ್ತಿಂದಿತ್ತ ತಿರುಗತೊಡಗಿತು. ಸೆರಗು ತಲೆಗೆ ಹೊದ್ದು, ಬಗ್ಗಿ, ಒಂದೊಂದೇ ಕಲ್ಲು ಎತ್ತಿ ನೋಡುತ್ತಿದ್ದೆ.

"ಏನ್ ಕಳ್ಕೊಂಡ್ರವ್ವಾ?"

ತಲೆ ಎತ್ತಿದರೆ ಸೊಪ್ಪು ಮುರಿಯುತ್ತಿದ್ದ ಹೆಂಗಸರೆಲ್ಲ ಬದುವಿನ ಮೇಲೆ ನಿಂತಿದ್ದಾರೆ. ಗುಟ್ಟು ಬಿಡಬಾರದಲ್ಲ? ಗಾಬರಿಯಲ್ಲಿ "ಓಲೆ" ಅಂದುಬಿಟ್ಟೆ. ನಮ್ಮ ಸೀಮೆಯವರ ಮುಂದೆ ಹೇಳಬಾರದ ಮಾತು ಅದೊಂದೇ ಇರಬೇಕು. ಮುರಿದ ಸೊಪ್ಪನ್ನು ಅಲ್ಲೇ ಇಟ್ಟು ಎಲ್ಲರೂ ಇಳಿದರು. "ಚಿನ್ನದ್ದಾ?" "ಯಾವ್ ಕಡಿಂದ ಬಂದ್ರಿ?" "ತಿರ್ಪು ಸಡ್ಲಾಗಿತ್ತಾ?" ಅಂತ ಕೇಳುತ್ತಾ, ಅಂಟು ಕೈಯಲ್ಲೇ ಹುಲ್ಲಿನ ಎಸಳು ಎಸಳು ಬಿಡಿಸಿ ನೋಡುತ್ತಾರೆ. ಬೇಡ ಅಂದರೆ ಕೇಳುವವರು ಯಾರು? ಅವರ ನಡುವೆ ಕೆಂಪಮ್ಮ ಅಂತ ಒಬ್ಬ ಮುದುಕಿ, ಎಲೆಯಡಿಕೆ ಚೀಲದಿಂದ ಒಂದು ನಾಣ್ಯ ತೆಗೆದು, ನನ್ನ ಹೆಸರು ಕೇಳಿ, ಸೆರಗಿನ ತುದಿಗೆ ಕಟ್ಟಿಕೊಂಡರು. "ಮಾದಪ್ಪನಿಗೆ ಮುಡುಪು ಕಟ್ಟಿವ್ನಿ. ಸಿಕ್ಕೇ ಸಿಕ್ತದೆ ಕಣವ್ವಾ, ಯೋಚ್ನೆ ಮಾಡ್ಬ್ಯಾಡ."

ಅಷ್ಟರಲ್ಲಿ ಗಾಳಿಗೆ ನನ್ನ ತಲೆಯ ಸೆರಗು ಜಾರಿತು. ಒಬ್ಬಳು ಕಿರುಚಿದಳು, "ಅಯ್ಯೋ, ಎರ್ಡೂ ಕಿವೀಲೇ ಅವೆ ಕಣ್ರೇ!"

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ, ಆ ಕಲ್ಲಿನ ಮೇಲೆ ಕೂತು ಮಗುವಿನಂತೆ ಅತ್ತೆ. ಕೆಂಪಮ್ಮ ಒಬ್ಬರೇ ನಕ್ಕಿರಲಿಲ್ಲ. ನನ್ನ ಬರಿ ಕೊರಳು ನೋಡಿದರು ಅಂತ ಕಾಣುತ್ತದೆ. "ನಗ್ಬ್ಯಾಡಿ, ಬುಡ್ರೇ" ಅಂತ ಅವರನ್ನು ಗದರಿದರು. "ಏನೋ ಕಳ್ಕೊಂಡವ್ಳೆ. ಏನೂ ಕಳ್ಕೊಳ್ದೆ ಯಾರ್ ಇಂಗೆ ಬಿಸ್ಲಲ್ಲಿ ಹುಡುಕ್ತಾರೆ?" ಮುಡುಪನ್ನು ಬಿಚ್ಚಲಿಲ್ಲ. ಎಲ್ಲಿಯವಳು ಅಂತ ಕೇಳಿದರು, ಹುಣಸೂರಿನ ಅಂಗಡಿ ಹೇಳಿದೆ. ನಾಚಿಕೆಯಿಂದ ತಲೆ ತಗ್ಗಿಸಿ ಬಸ್ಸು ಹತ್ತಿದೆ. ರಾತ್ರಿ ಇಂಟರ್ನೆಟ್ಟಿನಲ್ಲಿ ಆ ಡಬ್ಬದ ಪುಟ ತೆಗೆದು "ಸಿಗಲಿಲ್ಲ" ಅಂತ ಬರೆದು ಮುಚ್ಚಿದೆ.

ನೀವಿದ್ದಾಗ ಆಯುಧಪೂಜೆಗೆ ಕಂಪ್ಯೂಟರಿಗೂ ಕುಂಬಳಕಾಯಿ ಒಡೆಯಬೇಕು ಅಂತ ಹಟ ಮಾಡುತ್ತಿದ್ದಿರಿ. ಈ ಸಲ ಒಂದು ನಿಂಬೆಹಣ್ಣಿಗೆ ಮುಗಿಸಿದೆ. ಹಬ್ಬವಾದ ವಾರ, ಬೆಳಗ್ಗೆ ಅಂಗಡಿ ತೆಗೆದು ಕಸ ಗುಡಿಸುತ್ತಿದ್ದೆ. ಬಾಗಿಲಲ್ಲಿ ಯಾರೋ ಏದುಸಿರು ಬಿಡುತ್ತಾ ಕೂಗಿದರು.

"ಸಿಕ್ತು ಕಣವ್ವಾ ಸರೋಜವ್ವಾ! ಸಿಕ್ತು!"

ಕೆಂಪಮ್ಮ. ಬಸ್ ಸ್ಟ್ಯಾಂಡಿನ ತುಂಬ ಕೇಳಿಕೊಂಡು ಬಂದಿದ್ದಾರೆ. ಮಡಿಲಿನಿಂದ ಒಂದು ಗಂಟು ತೆಗೆದು ನನ್ನ ಮೇಜಿನ ಮೇಲೆ ಬಿಚ್ಚಿದರು. ಹಸಿರು ಟೇಪು ಸುತ್ತಿದ ಪ್ಲಾಸ್ಟಿಕ್ ಡಬ್ಬ. ನಾನು ಹುಡುಕಿದ್ದೇ, ಅದೇ!

"ಹುಲ್ಲಿಗ್ ಹೋದಾಗ್ಲೆಲ್ಲ ಎಲ್ರೂ ಒಂದ್ ಕಣ್ಣಿಟ್ಟಿದ್ವಿ. ಮೊನ್ನೆ ಹಾವು ಸೇರ್ಕತು ಅಂತ ಗೋಡೆ ಕಲ್ ಕಿತ್ರೆ, ಒಳ್ಗಿತ್ತು. ತಗ್ದು ನೋಡಿದ್ವಿ, ನಿಜ ಹೇಳ್ತೀನಿ. ಒಂದನ್ನೂ ತಗಂಡಿಲ್ಲ ಕಣವ್ವಾ. ಇದೇ ತಾನೆ, ನೀನ್ ಕಳ್ಕೊಂಡಿದ್ದು?"

ಒಳಗೆ ಎರಡು ಗೋಲಿ, ಒಂದು ಆಟದ ಕಾರು, ಯಾವುದೋ ದೇಶದ ನಾಣ್ಯ, ಚೀಟಿ. ಆಟದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಅನಾಹುತ ಇಲ್ಲ ರೀ. ಇಟ್ಟ ಜಾಗದಿಂದ ಡಬ್ಬವನ್ನೇ ಎತ್ತಿಕೊಂಡು ಬಂದಿದ್ದಾರೆ! ಆದರೆ ನನಗೆ ಅದೆಲ್ಲ ತಲೆಗೆ ಹೋಗಲೇ ಇಲ್ಲ. ನಾನು ಕಳೆದುಕೊಂಡದ್ದು ಏನು ಅಂತಲೂ ಗೊತ್ತಿಲ್ಲದವರು ಇಷ್ಟು ದಿನ ನನಗೋಸ್ಕರ ಹುಡುಕುತ್ತಿದ್ದರು. "ಸಿಕ್ತು" ಅಂತ ಹೇಳಲು ನಾನು ಒಬ್ಬರನ್ನು ಹುಡುಕಿಕೊಂಡು ತಾಲ್ಲೂಕು ತಾಲ್ಲೂಕು ಸುತ್ತಿದೆ. ಆ ಮಾತು ನನಗೇ ಹೇಳಲು ಬಸ್ಸು ಹತ್ತಿ ಬರುವವರೊಬ್ಬರು ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. "ಹೌದು ಕೆಂಪಮ್ಮ, ಇದೇ" ಅಂದೆ. ಟೀ ತರಿಸಿ, ಕೂರಿಸಿ, ಎಲ್ಲವನ್ನೂ ಬಿಡಿಸಿ ಹೇಳಿದೆ. ನಿಮ್ಮ ವಿಷಯವನ್ನೂ.

"ಅಂಗಾರೆ ಇದ್ನ ಮತ್ತೆ ಅಲ್ಲೇ ಬಚ್ಚಿಡ್ಬೇಕಾ?"

"ಹೂಂ."

"ಯಾರ್ಗೆ?"

"ಯಾರೋ ಗೊತ್ತಿಲ್ಲದವರಿಗೆ."

ಡಬ್ಬವನ್ನು ಕೈಯಲ್ಲಿ ತಿರುಗಿಸಿ ನೋಡಿದರು. "ಇದೊಳ್ಳೆ ಚೆನ್ನಾಗದೆ ಕಣವ್ವಾ! ಅಷ್ಟ್ ದೂರದಿಂದ ಬರೋರಿಗೆ ಬರೀ ಗೋಲಿ ಮಡಗ್ತಾರಾ?" ಅಂತ ಚೀಲದಿಂದ ಒಂದು ಅಡಿಕೆ ತೆಗೆದು ಡಬ್ಬದೊಳಗೆ ಹಾಕಿ ಮುಚ್ಚಳ ಒತ್ತಿದರು. ತಿನ್ನುವ ಪದಾರ್ಥ ಇಡಬಾರದು ಅಂತ ನಿಯಮವಿದೆ. ನಾನು ಹೇಳಲಿಲ್ಲ. ಆಮೇಲೆ ಟೀ ಲೋಟ ಕೆಳಗಿಟ್ಟು, "ಇಂಥವು ಇನ್ನೂ ಅವಾ? ನಂಗೂ ಮನೇಲಿ ಯಾರವ್ರೆ, ಮುಡುಪು ತೀರ್ಸಿದ್ ಮೇಲೆ ನಾನೂ ಬತ್ತೀನಿ" ಅಂದರು.

ಕೆಲಸದ ದಿನ, ಹತ್ತು ಗಂಟೆ, ಗಿರಾಕಿಗಳು ಬರುವ ಹೊತ್ತು. ಶಟರ್ ಎಳೆದುಬಿಟ್ಟೆ ರೀ. ಬೈಯುವುದಾದರೆ ಬೈದುಕೊಳ್ಳಿ. ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೆಂಪಮ್ಮ ಮುಂದೆ ಮುಂದೆ ಹೋಗಿ ಬಸ್ಸು ಹತ್ತಿದರು. ಕಂಡಕ್ಟರ್ ಬಂದು ಎಲ್ಲಿಗೆ ಅಂದ. "ಬೆಟ್ಟದಪುರ, ಎರಡು" ಅಂದೆ. ನೀವು ಹೋದ ಮೇಲೆ ಯಾವ ಬಸ್ಸಿನಲ್ಲೂ ನನ್ನ ಬಾಯಿಂದ ಎರಡು ಅನ್ನುವ ಮಾತು ಬಂದಿರಲಿಲ್ಲ. ಕೆಂಪಮ್ಮ ಆಗಲೇ ಕಿಟಕಿ ಪಕ್ಕ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಕಿಟಕಿ ಪಕ್ಕ ಯಾವಾಗಲೂ ನಿಮ್ಮ ಜಾಗ, ನನಗೂ ಬಿಟ್ಟುಕೊಟ್ಟವರಲ್ಲ ನೀವು. ಇಷ್ಟು ದಿನ ಅದನ್ನು ಖಾಲಿ ಬಿಟ್ಟು ಈಚೆ ಸೀಟಿನಲ್ಲಿ ಕೂರುತ್ತಿದ್ದೆ. ಅವತ್ತು ಏಳಿ ಅಂತ ಹೇಳಲು ಮನಸ್ಸಾಗಲಿಲ್ಲ. ಕೂತಿರಲಿ ಬಿಡಿ, ಆಗಬಹುದಾ?

ನಿಮ್ಮ
ಸರೋಜ